ಹಡಗು ಆಮೇಲೆ, ಹಿಮನದಿ ಮೊದಲು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನದಿಗಳು ಹುಟ್ಟುತ್ತವೆ, ಹರಿಯುವುದು ಕಡಿಮೆ. ನಂದಿ ಬೆಟ್ಟಸಾಲಿನಲ್ಲಿ ಮೂಲವಿರುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ, ಪಾಪಾಗ್ನಿ ಯಾವುದರಲ್ಲೂ ಇಲ್ಲಿ ವರ್ಷವಿಡೀ ನೀರಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ದೂಳು ಹಾರುವ ಊರುಗಳಿವೆ. ಕಂದವಾರ ಕೆರೆಗೆ ನೀರು ಬಂದದ್ದು ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರಿನ ಯೋಜನೆಯಿಂದ. ಇಂಥ ಸೀಮೆಯಿಂದ ಸಿಯಾಟಲ್‌ಗೋ ಕ್ಯಾಲಿಫೋರ್ನಿಯಾಕ್ಕೋ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರ ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ನಯಾಗರದ ಕೆಳಗೆ ಈಗ ಇನ್ನೊಂದು ಹೆಸರು ಸೇರಿಕೊಂಡಿದೆ: ಅಲಾಸ್ಕಾ. ಏಳು ರಾತ್ರಿ ಹಡಗಿನಲ್ಲಿ, ಒಂದು ಹಗಲು ಹಿಮನದಿಯ ಎದುರು.

ಇಂಥ ಮನೆಗಳ ಫೋನ್ ಮಾತು ಹೆಚ್ಚುಕಡಿಮೆ ಹೀಗೆ ಶುರುವಾಗುತ್ತದೆ. “ಅಪ್ಪಾ, ಬಾಲ್ಕನಿ ರೂಮೇ ಬುಕ್ ಮಾಡ್ಲಾ?” “ಅದೆಲ್ಲಾ ಇರ್ಲಿ ಕಣಪ್ಪಾ, ಅಲ್ಲಿ ಅನ್ನ ಸಾರು ಸಿಗ್ತದಾ?” ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮೊದಲು ಕೇಳಬೇಕಾದದ್ದು ಬೇರೆ: ಈ ಹಡಗು ಯಾವ ಹಿಮನದಿಗೆ ಹೋಗುತ್ತದೆ, ಅದರ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ?

ಜಾಹೀರಾತಿನಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಕಾಣುವುದು ಈಜುಕೊಳ, ಜಾರುಬಂಡಿ, ಷಾಂಡ್ಲಿಯರ್ ತೂಗುವ ಊಟದ ಹಾಲ್. ಹಿಂದೆ ಒಂದು ನೀಲಿ ಮಂಜಿನ ಗೋಡೆ, ಅದಕ್ಕೆ ಹೆಸರಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಲಾಟಿನ ಮೇಲ್ಪದರ ನೋಡಿ ಬಿಡ್ ಮಾಡುವುದಿಲ್ಲ. ಕೈ ಒಳಗೆ ತೂರಿಸಿ ತಳದ ಗೂಡು ಮೇಲೆತ್ತಿ, ಅದುಮಿ, ಕಿವಿ ಹತ್ತಿರ ಅಲ್ಲಾಡಿಸಿ, ಎಷ್ಟು ನೂಲು ಬಂದೀತು ಅಂತ ಅಂದಾಜು ಮಾಡಿಯೇ ಬೆಲೆ ಹೇಳುತ್ತಾರೆ. ಕ್ರೂಸ್ ಟಿಕೆಟ್ಟಿನ ಒಳಗೆ ಕೈ ಹಾಕಿದರೆ ಸಿಗಬೇಕಾದದ್ದು ದಿನವಾರು ಮಾರ್ಗದ ಪಟ್ಟಿ. ಅದರಲ್ಲಿ ಸಾಮಾನ್ಯವಾಗಿ ಈ ನಾಲ್ಕು ಹೆಸರುಗಳಲ್ಲಿ ಒಂದಾದರೂ ಇರುತ್ತದೆ: ಗ್ಲೇಸಿಯರ್ ಬೇ, ಹಬ್ಬರ್ಡ್, ಎಂಡಿಕಾಟ್ ಆರ್ಮ್, ಕಾಲೇಜ್ ಫಿಯೋರ್ಡ್. ಒಂದೇ ಕಂಪನಿಯ ಒಂದೇ ಹಡಗು ಈ ವಾರ ಒಂದಕ್ಕೆ, ಮುಂದಿನ ವಾರ ಇನ್ನೊಂದಕ್ಕೆ ಹೋಗುವುದೂ ಉಂಟು. ಹಾಗಾಗಿ “ಪಕ್ಕದ ಮನೆಯವರು ಅದೇ ಹಡಗಿನಲ್ಲಿ ಹೋಗಿದ್ದರು” ಅನ್ನುವುದು ಸಾಲದು, ತಾರೀಖು ನೋಡಬೇಕು.

ನಾಲ್ಕರಲ್ಲಿ ಮೊದಲು ತೂಗಬೇಕಾದದ್ದು ಗ್ಲೇಸಿಯರ್ ಬೇ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಆ ಕಡೆ ಹಾದಾಗ ಅಲ್ಲಿ ಕೊಲ್ಲಿಯೇ ಇರಲಿಲ್ಲ. ದಡದಿಂದ ದಡಕ್ಕೆ ಮಂಜು ತುಂಬಿ, ಅಂಚಿನಲ್ಲಿ ಚೂರು ಕಚ್ಚಿ ತೆಗೆದಂತೆ ಒಂದು ಗುಂಡಿ ಮಾತ್ರ ಕಾಣುತ್ತಿತ್ತು. 1879ರಲ್ಲಿ ನಿಸರ್ಗ ತಜ್ಞ ಜಾನ್ ಮ್ಯೂರ್ ದೋಣಿಯಲ್ಲಿ ಹೋಗುವಷ್ಟರಲ್ಲಿ ಮಂಜು ಅರವತ್ತು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಹಡಗುಗಳು ನೂರು ಕಿಲೋಮೀಟರ್ ಒಳಗೆ ಹೋಗುತ್ತವೆ. ಅಂದರೆ ಇಂದು ಹಡಗು ತೇಲುವ ಜಾಗ ಇನ್ನೂರೈವತ್ತು ವರ್ಷದ ಹಿಂದೆ ಹಿಮನದಿಯ ಹೊಟ್ಟೆ. ಅದಕ್ಕೂ ಮುಂಚೆ ಅಲ್ಲಿ ಊರಿತ್ತು. 1700ರ ದಶಕದಲ್ಲಿ ಮಂಜು ಮುಂದೊತ್ತಿ ಬಂದು ಹೂನಾ ಟ್ಲಿಂಗಿಟ್ ಜನರನ್ನು ಒಕ್ಕಲೆಬ್ಬಿಸಿತು. 2016ರಲ್ಲಿ ಬಾರ್ಟ್‌ಲೆಟ್ ಕೋವ್ ದಡದಲ್ಲಿ ಅವರ ಕುಲದ ಮನೆ ಮತ್ತೆ ಎದ್ದು ನಿಂತಿತು.

ಈ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗಿಗೆ ಅವಕಾಶ. ಆ ಪರವಾನಗಿಯ ದೊಡ್ಡ ಪಾಲು ಇರುವುದು ಹಾಲೆಂಡ್ ಅಮೆರಿಕಾ, ಪ್ರಿನ್ಸೆಸ್, ನಾರ್ವೇಜಿಯನ್ ಕಂಪನಿಗಳ ಕೈಯಲ್ಲಿ. ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಡಿಸ್ನಿ ಹಡಗುಗಳು ಸಾಮಾನ್ಯವಾಗಿ ಬೇರೆ ಹಿಮನದಿಗಳ ಕಡೆ ತಿರುಗುತ್ತವೆ. ಗ್ಲೇಸಿಯರ್ ಬೇ ನೋಡಲೇಬೇಕು ಅಂದುಕೊಂಡವರಿಗೆ ಕಂಪನಿಯ ಆಯ್ಕೆ ಅರ್ಧ ಅಲ್ಲಿಗೇ ಮುಗಿದ ಹಾಗೆ.

ಆ ದಿನದ ನಡೆ ಹೀಗಿರುತ್ತದೆ. ಬೆಳಿಗ್ಗೆ ಕೊಲ್ಲಿಯ ಬಾಯಲ್ಲಿ ಪುಟ್ಟ ದೋಣಿಯೊಂದು ಹಡಗಿನ ಪಕ್ಕಕ್ಕೆ ಬರುತ್ತದೆ. ಉದ್ಯಾನದ ರೇಂಜರುಗಳು ಏಣಿ ಹಿಡಿದು ಮೇಲೆ ಹತ್ತುತ್ತಾರೆ. ಸಂಜೆಯವರೆಗೂ ಧ್ವನಿವರ್ಧಕದಲ್ಲಿ ವಿವರಣೆ ಕೊಡುವವರು ಅವರೇ; ಜೊತೆಗೆ ಹೂನಾ ಸಮುದಾಯದವರು ಬಂದು ತಮ್ಮ ನೆಲದ ಕಥೆ ಹೇಳುವುದೂ ಇದೆ. ಹಡಗು ಎಲ್ಲೂ ದಡ ಮುಟ್ಟುವುದಿಲ್ಲ, ಯಾರೂ ಇಳಿಯುವುದಿಲ್ಲ. ಇದು ಗೊತ್ತಿಲ್ಲದೆ ಮಂಜಿನ ಮೇಲೆ ನಡೆಯುವ ಬೂಟು ಕೊಂಡುಹೋಗುವವರಿದ್ದಾರೆ! ಮಧ್ಯಾಹ್ನದ ಹೊತ್ತಿಗೆ ಮಾರ್ಜರಿ ಹಿಮನದಿ ಎದುರಾಗುತ್ತದೆ. ಅಗಲ ಒಂದೂವರೆ ಕಿಲೋಮೀಟರಿಗೂ ಜಾಸ್ತಿ, ಉದ್ದ ಮೂವತ್ನಾಲ್ಕು, ನೀರಿನ ಮೇಲೆ ಎದ್ದಿರುವ ಗೋಡೆಯ ಎತ್ತರ ಸುಮಾರು 75 ಮೀಟರ್. ಅದರ ಮುಂದೆ ಹಡಗು ಒಂದು ಗಂಟೆ ಆಸುಪಾಸು ನಿಂತು, ನಿಂತಲ್ಲೇ ನಿಧಾನವಾಗಿ ಸುತ್ತು ತಿರುಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಂಜಿನ ಬಂಡೆ ಕಳಚಿ ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ, ಶಬ್ದ ಆಮೇಲೆ ಬರುತ್ತದೆ. ಹಡಗು ಅರ್ಧ ಕಿಲೋಮೀಟರ್ ದೂರದಲ್ಲಿದ್ದರೂ ಒಂದೂವರೆ ಸೆಕೆಂಡ್ ತಡ. ಗುಡುಗಿದ ಸದ್ದು ಕೇಳಿ ಮೊಬೈಲ್ ಎತ್ತಿದವರಿಗೆ ಸಿಗುವುದು ನೀರಿನ ಉಂಗುರ ಮಾತ್ರ. ಹಳಬರು ಗೋಡೆಯ ಬುಡದಲ್ಲಿ ಚೂರು ಉದುರುತ್ತಿರುವ ಜಾಗ ನೋಡಿಟ್ಟುಕೊಂಡು ಕ್ಯಾಮೆರಾ ಅಲ್ಲೇ ಹಿಡಿದು ಕಾಯುತ್ತಾರೆ. ಆ ನೀಲಿ ಬಣ್ಣವೂ ಬರೀ ಆಕಾಶದ ಪ್ರತಿಫಲನವಲ್ಲ. ತನ್ನದೇ ಭಾರಕ್ಕೆ ಅದುಮಿಕೊಂಡು ಗಾಳಿಯ ಗುಳ್ಳೆ ಕಳೆದುಕೊಂಡ ಮಂಜು ಬೆಳಕಿನ ಕೆಂಪನ್ನು ನುಂಗುತ್ತದೆ, ಉಳಿದ ನೀಲಿ ಹೊರಗೆ ಬರುತ್ತದೆ. ಮೋಡ ಕವಿದ ದಿನ ಅದು ಇನ್ನೂ ಗಾಢವಾಗಿ ಕಾಣುತ್ತದೆ; ಬಿಸಿಲಿಲ್ಲ ಅಂತ ಕೊರಗಬೇಕಾಗಿಲ್ಲ.

ಹಬ್ಬರ್ಡ್‌ನದು ಬೇರೆ ಜಾತಿ. 122 ಕಿಲೋಮೀಟರ್ ಉದ್ದ, ಸಮುದ್ರಕ್ಕೆ ಮುಖ ಮಾಡಿದ ಗೋಡೆಯ ಅಗಲವೇ ಹತ್ತು ಕಿಲೋಮೀಟರ್ ಮುಟ್ಟುತ್ತದೆ. ಕಡಲಿಗೆ ಇಳಿಯುವ ಹಿಮನದಿಗಳಲ್ಲಿ ಉತ್ತರ ಅಮೆರಿಕಕ್ಕೇ ದೊಡ್ಡದು. ಲೋಕದ ಬಹುಪಾಲು ಹಿಮನದಿಗಳು ಹಿಂದೆ ಸರಿಯುತ್ತಿದ್ದರೆ ಇದು ನೂರಕ್ಕೂ ಹೆಚ್ಚು ವರ್ಷಗಳಿಂದ ಒಟ್ಟಾರೆ ಮುಂದೆಯೇ ಬರುತ್ತಿದೆ. 1986ರಲ್ಲಿ ಹೀಗೆ ಮುಂದೊತ್ತಿ ಬಂದು ಪಕ್ಕದ ರಸೆಲ್ ಫಿಯೋರ್ಡಿನ ಬಾಯಿ ಮುಚ್ಚಿಬಿಟ್ಟಿತು. ಒಳಗೆ ನೀರು ಸುಮಾರು 25 ಮೀಟರ್ ಏರಿ, ಅಕ್ಟೋಬರಿನಲ್ಲಿ ಕಟ್ಟೆ ಒಡೆಯಿತು. 2002ರಲ್ಲಿ ಮತ್ತೆ ಅದೇ ಆಯಿತು. ಗಾತ್ರಕ್ಕೆ ಮರುಳಾಗುವವರಿಗೆ ಹಬ್ಬರ್ಡ್ ಸರಿ. ಒಂದು ತೊಂದರೆ, ಮುಂದೆ ತೇಲುವ ಮಂಜಿನ ತುಂಡುಗಳು ದಟ್ಟವಾಗಿದ್ದರೆ ಕ್ಯಾಪ್ಟನ್ ಎಷ್ಟೋ ಕಿಲೋಮೀಟರ್ ಆಚೆಯೇ ನಿಲ್ಲಿಸಿ ಹಿಂತಿರುಗುತ್ತಾರೆ. ದುಡ್ಡು ವಾಪಸು ಕೇಳುವ ಹಾಗಿಲ್ಲ, ಟಿಕೆಟ್ಟಿನ ಷರತ್ತಿನಲ್ಲಿ ಅದು ಮೊದಲೇ ಬರೆದಿರುತ್ತದೆ.

ಮೂರನೆಯದರ ಕಥೆ 2025ರಲ್ಲಿ ಬದಲಾಯಿತು. ಜೂನೋ ಪಟ್ಟಣದ ದಕ್ಷಿಣಕ್ಕೆ ಟ್ರೇಸಿ ಆರ್ಮ್, ಎಂಡಿಕಾಟ್ ಆರ್ಮ್ ಎಂಬ ಎರಡು ಕಿರಿದಾದ ಕಡಲ ಕಣಿವೆಗಳಿವೆ. ನೆಟ್ಟಗೆ ನಿಂತ ಬಂಡೆಗೋಡೆ, ಜಲಪಾತ, ಕೊನೆಯಲ್ಲಿ ಹಿಮನದಿ. ಟ್ರೇಸಿ ಆರ್ಮ್ ಕ್ರೂಸ್ ಪ್ರಯಾಣಿಕರ ಅಚ್ಚುಮೆಚ್ಚಾಗಿತ್ತು. 2025ರ ಆಗಸ್ಟ್ 10ರ ನಸುಕಿನಲ್ಲಿ ಸೌತ್ ಸಾಯರ್ ಹಿಮನದಿಯ ಬಳಿ ಗುಡ್ಡದ ಪಕ್ಕೆಯೇ ಕುಸಿದು ನೀರಿಗೆ ಬಿತ್ತು. ಎದ್ದ ಅಲೆ ಎದುರು ದಡದ ಗೋಡೆಯಲ್ಲಿ ನಾನೂರು ಮೀಟರಿಗೂ ಮೇಲೆ ಏರಿ ಮರಗಿಡಗಳನ್ನು ಬೋಳಿಸಿತು. ಬೆಳಗಿನ ಜಾವವಾದ್ದರಿಂದ ಒಳಗೆ ದೊಡ್ಡ ಹಡಗುಗಳಿರಲಿಲ್ಲ, ಪ್ರಾಣಹಾನಿಯಾಗಲಿಲ್ಲ. ಆಮೇಲೆ ಹಲವು ಕಂಪನಿಗಳು ಟ್ರೇಸಿ ಆರ್ಮ್ ಬಿಟ್ಟು ಎಂಡಿಕಾಟ್ ಕಡೆಗೆ, ಅಲ್ಲಿಯ ಡಾಸ್ ಹಿಮನದಿಗೆ ಮಾರ್ಗ ತಿರುಗಿಸಿದವು. ಹಳೆಯ ವಿಡಿಯೊ ನೋಡಿ ಟ್ರೇಸಿ ಆರ್ಮ್ ಆಸೆ ಇಟ್ಟುಕೊಂಡವರು ಹೊಸ ಪಟ್ಟಿಯನ್ನು ಒಮ್ಮೆ ಓದಿಕೊಳ್ಳಬೇಕು.

ಇಂಥ ಕುಸಿತಗಳ ಸದ್ದು ನಮ್ಮ ಕಿವಿಗೆ ಬೀಳದಿದ್ದರೂ ಭೂಮಿಗೆ ಗೊತ್ತಾಗುತ್ತದೆ. ಗೌರಿಬಿದನೂರಿನವರಿಗೆ ಈ ಮಾತು ಹೊಸದಲ್ಲ. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲು ಅಲ್ಲಿನ ಕಲ್ಲುನೆಲದಲ್ಲಿ 1965ರಿಂದ ದೂರದ ಭೂಕಂಪ, ಪರಮಾಣು ಸ್ಫೋಟಗಳಿಗೆ ಕಿವಿಗೊಟ್ಟು ಕೂತಿದೆ. 2023ರ ಸೆಪ್ಟೆಂಬರಿನಲ್ಲಿ ಗ್ರೀನ್‌ಲ್ಯಾಂಡಿನ ಡಿಕ್ಸನ್ ಫಿಯೋರ್ಡಿನಲ್ಲಿ ಬೆಟ್ಟದ ತುದಿ ಕುಸಿದಾಗ, ಇಕ್ಕಟ್ಟಾದ ಕಣಿವೆಯೊಳಗೆ ನೀರು ಅತ್ತಿತ್ತ ತುಳುಕುತ್ತಲೇ ಉಳಿದು, ಆ ಮಿಡಿತ ಒಂಬತ್ತು ದಿನ ಜಗತ್ತಿನಾದ್ಯಂತ ಕಂಪನ ಕೇಂದ್ರಗಳಲ್ಲಿ ದಾಖಲಾಯಿತು. ಬುಡಕ್ಕೆ ಒತ್ತುಕೊಟ್ಟಿದ್ದ ಹಿಮನದಿ ತೆಳುವಾದದ್ದೇ ಆ ಬೆಟ್ಟ ಜಾರಲು ಕಾರಣ ಎಂದು ವಿಜ್ಞಾನಿಗಳು ಗುರುತಿಸಿದರು. ಇದರಿಂದ ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಆದರೆ ಕ್ಯಾಪ್ಟನ್ ಮಾರ್ಗ ಬದಲಿಸಿದಾಗ ರೇಗಾಡುವ ಮುಂಚೆ ಇದು ನೆನಪಿರಲಿ.

ಕಾಲೇಜ್ ಫಿಯೋರ್ಡ್ ವಿಷಯ ಚಿಕ್ಕದು. 1899ರ ಹ್ಯಾರಿಮನ್ ಅನ್ವೇಷಣಾ ತಂಡದವರು ಒಂದೊಂದು ಹಿಮನದಿಗೂ ತಮ್ಮ ದೇಶದ ಕಾಲೇಜುಗಳ ಹೆಸರಿಟ್ಟರು, ಹಾರ್ವರ್ಡ್, ಯೇಲ್, ವೆಲ್‌ಸ್ಲಿ ಅಂತ. ಕೆನಡಾದ ವ್ಯಾಂಕೂವರಿನಿಂದ ಹೊರಟು ಉತ್ತರದ ವಿಟ್ಟಿಯರಿನಲ್ಲಿ ಇಳಿಸುವ ಒಂದು ದಿಕ್ಕಿನ ಪ್ರವಾಸಗಳಲ್ಲಿ ಇದು ಬರುತ್ತದೆ. ಆ ಮಾರ್ಗದಲ್ಲಿ ಗ್ಲೇಸಿಯರ್ ಬೇ ಕೂಡ ಸೇರಿದ್ದರೆ ಒಂದೇ ಟಿಕೆಟ್ಟಿಗೆ ಎರಡು ಸಿಕ್ಕ ಹಾಗೆ. ಹಾಗಾಗಿಯೇ ಹಿಮನದಿಗೇ ಅಂತ ಹೋಗುವವರಿಗೆ ಈ ಒಮ್ಮುಖ ಪ್ರವಾಸ ಉಳಿದವಕ್ಕಿಂತ ಮೇಲು.

ಹಿಮನದಿ ಗೊತ್ತಾದ ಮೇಲೆ ಬಂದರು. ಇಲ್ಲಿ ನಮ್ಮ ಕಡೆಯವರು ಎಡವುವ ಕಲ್ಲೊಂದಿದೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗಿಗೆ ಅಮೆರಿಕದ ವೀಸಾ ಸಾಕು ಅಂತ ಅನ್ನಿಸುವುದು ಸಹಜ. ಸಾಲದು. 1886ರಷ್ಟು ಹಳೆಯ ಅಮೆರಿಕದ ಕಾಯ್ದೆಯೊಂದರ ಪ್ರಕಾರ ವಿದೇಶಿ ಬಾವುಟದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಜನರನ್ನು ಸುತ್ತಾಡಿಸುವಂತಿಲ್ಲ, ನಡುವೆ ಬೇರೆ ದೇಶವೊಂದನ್ನು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳ ಬಾವುಟ ಹೆಚ್ಚಾಗಿ ಬಹಾಮಾಸ್, ಬರ್ಮುಡಾ ಅಥವಾ ನೆದರ್ಲೆಂಡ್ಸ್‌ನದು. ಆದ್ದರಿಂದ ಅವು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಂತು ಬರುತ್ತವೆ. ಅಮೆರಿಕದ ವೀಸಾದ ಮೇಲೆ ಬಂದ, ಭಾರತದ ಪಾಸ್‌ಪೋರ್ಟ್ ಇರುವವರು, ಹಡಗಿನಿಂದ ಕೆಳಗೆ ಇಳಿಯದಿದ್ದರೂ, ಅದಕ್ಕೆ ಕೆನಡಾ ವೀಸಾ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಸಿಯಾಟಲ್ ಬಂದರಿನ ಕೌಂಟರಿನಲ್ಲೇ ತಡೆಯುತ್ತಾರೆ. ಮಗ ಸೊಸೆ ಅಮೆರಿಕದ ಪೌರರಾಗಿದ್ದರೆ ಅವರಿಗೆ ಈ ಯೋಚನೆ ಹೊಳೆಯುವುದೂ ಇಲ್ಲ; ಸೂಟ್‌ಕೇಸ್ ಎಳೆದುಕೊಂಡು ವಾಪಸಾಗಬೇಕಾದವರು ಅಪ್ಪ ಅಮ್ಮ. ಅಮೆರಿಕದಲ್ಲಿದ್ದುಕೊಂಡೂ ಅರ್ಜಿ ಹಾಕಬಹುದು, ಆದರೆ ತಿಂಗಳುಗಟ್ಟಲೆ ಕಾಯುವ ಸಾಧ್ಯತೆ ಇರುವುದರಿಂದ ಊರಿನಿಂದ ಹೊರಡುವ ಮುಂಚೆ ಬೆಂಗಳೂರಿನಲ್ಲೇ ಬೆರಳಚ್ಚು ಕೊಟ್ಟು ಮುಗಿಸಿಕೊಳ್ಳುವುದು ಲೇಸು.

ಕೆನಡಾ ವೀಸಾ ಕೈಯಲ್ಲಿದ್ದರೆ ವ್ಯಾಂಕೂವರೇ ಒಳ್ಳೆಯ ಬಂದರು. ಅಲ್ಲಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯ ಶಾಂತ ನೀರಿನಲ್ಲಿ ಸಾಗುತ್ತವೆ. ಸಿಯಾಟಲ್‌ನವು ಬಹುಪಾಲು ವ್ಯಾಂಕೂವರ್ ದ್ವೀಪದ ಆಚೆ, ತೆರೆದ ಪೆಸಿಫಿಕ್ ಸಾಗರಕ್ಕೆ ಬೀಳುತ್ತವೆ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂರುವವರಿಗೆ ಈ ವ್ಯತ್ಯಾಸ ಮೊದಲ ರಾತ್ರಿಯೇ ಗೊತ್ತಾಗುತ್ತದೆ. ಅಂಥವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನ ಕ್ಯಾಬಿನ್ ಕೇಳಬೇಕು. ತುದಿಯಲ್ಲಿ, ಮೇಲೆ, ತೂಗಾಟ ಜಾಸ್ತಿ.

ಈಗ ಹಡಗು. ಗಾತ್ರದ ವ್ಯತ್ಯಾಸ ನಂಬಲಾರದಷ್ಟಿದೆ. ನಾರ್ವೇಜಿಯನ್ ಬ್ಲಿಸ್, ರಾಯಲ್ ಕೆರಿಬಿಯನ್‌ನ ಓವೇಷನ್ ಥರದವು ತಲಾ ನಾಲ್ಕು ಸಾವಿರ ಜನರನ್ನು ಹೊರುತ್ತವೆ. ಹಾಲೆಂಡ್ ಅಮೆರಿಕಾದ ಜಾನ್‌ಡಾಮ್, ವೊಲೆಂಡಾಮ್‌ಗಳಲ್ಲಿ ಸಾವಿರದ ನಾನೂರರ ಆಸುಪಾಸು. ಅನ್‌ಕ್ರೂಸ್, ಲಿಂಡ್‌ಬ್ಲಾಡ್ ಕಂಪನಿಗಳ ಪುಟ್ಟ ಹಡಗುಗಳಲ್ಲಿ ನೂರು ಜನ, ಕೆಲವುಗಳಲ್ಲಿ ಅದಕ್ಕೂ ಕಡಿಮೆ. ಪುಟ್ಟ ಹಡಗು ಹಿಮನದಿಯ ಹತ್ತಿರಕ್ಕೆ ಸುಳಿಯುತ್ತದೆ, ರಬ್ಬರ್ ದೋಣಿಯಲ್ಲಿ ಮಂಜಿನ ತುಂಡುಗಳ ನಡುವೆ ಕರೆದೊಯ್ಯುತ್ತದೆ. ಇವುಗಳಲ್ಲಿ ಅಮೆರಿಕದ ಬಾವುಟವಿರುವವಕ್ಕೆ ಕೆನಡಾ ಮುಟ್ಟುವ ಕಟ್ಟುಪಾಡೂ ಇಲ್ಲ. ಅನುಭವ ಯಾವುದರಲ್ಲಿ ಹೆಚ್ಚು ಅಂದರೆ ಅನುಮಾನವೇ ಇಲ್ಲ, ಇದರಲ್ಲೇ. ಆದರೆ ಬೆಲೆ ದೊಡ್ಡ ಹಡಗಿನ ಹಲವು ಪಟ್ಟು, ಎಷ್ಟೋ ಹಡಗಿನಲ್ಲಿ ಲಿಫ್ಟ್ ಇಲ್ಲ, ವೈದ್ಯರು ಇರುತ್ತಾರೆಂಬ ಭರವಸೆ ಇಲ್ಲ. ಮಂಡಿ ನೋವಿರುವ, ಸಕ್ಕರೆ ಮಾತ್ರೆ ನುಂಗುವ ಎಪ್ಪತ್ತರ ಹಿರಿಯರಿಗೆ ಆಸ್ಪತ್ರೆ, ಲಿಫ್ಟ್, ಬೆಚ್ಚನೆಯ ಗಾಜಿನ ಹಾಲ್ ಇರುವ ದೊಡ್ಡ ಹಡಗೇ ಸರಿ. ಪ್ರವಾಸದ ಪರಿಣತರು ದೊಡ್ಡ ಹಡಗನ್ನು ಕಂಡರೆ ಮೂಗು ಮುರಿಯುತ್ತಾರೆ, ಮುರಿಯಲಿ.

ದೊಡ್ಡವುಗಳಲ್ಲೇ ಆರಿಸುವಾಗ ಮೊಮ್ಮಕ್ಕಳು ಜೊತೆಗಿದ್ದಾರೋ ಇಲ್ಲವೋ ಎಂಬುದು ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಮಕ್ಕಳಿದ್ದರೆ ನಾರ್ವೇಜಿಯನ್, ರಾಯಲ್ ಕೆರಿಬಿಯನ್, ಡಿಸ್ನಿ. ಇಬ್ಬರೇ ಹಿರಿಯರು, ಗದ್ದಲ ಬೇಡ ಅನ್ನುವವರಿಗೆ ಹಾಲೆಂಡ್ ಅಮೆರಿಕಾ ಅಥವಾ ಪ್ರಿನ್ಸೆಸ್. ವೈಕಿಂಗ್ ಹಡಗಿಗೆ ಹದಿನೆಂಟು ತುಂಬದವರನ್ನು ಹತ್ತಿಸುವುದೇ ಇಲ್ಲ.

ಬಾಲ್ಕನಿಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಹಡಗು ಹಿಮನದಿಯ ಮುಂದೆ ಸುತ್ತು ತಿರುಗುವುದರಿಂದ ಎಡ–ಬಲ ಎಂಬ ಚಿಂತೆ ಬೇಡ. ಬಾಲ್ಕನಿಯಿಂದ ಕಾಣುವುದು ಒಂದೇ ಪಕ್ಕ. ಮುಂಭಾಗದ ತೆರೆದ ಡೆಕ್ಕಿನಲ್ಲಿ ನಿಂತವರಿಗೆ ಮೂರೂ ಕಡೆ ಕಾಣುತ್ತದೆ. ಹಾಲೆಂಡ್ ಅಮೆರಿಕಾದವರು ಆ ದಿನ ಹಡಗಿನ ಮೂತಿಯನ್ನೇ ಪ್ರಯಾಣಿಕರಿಗೆ ತೆರೆದಿಟ್ಟು, ಡೆಕ್ಕಿನ ಮೇಲೆ ಬಿಸಿ ಬಟಾಣಿ ಸೂಪ್ ಹಂಚುತ್ತಾರೆ. ಡಚ್ಚರ ಪದ್ಧತಿಯಲ್ಲಿ ಅದಕ್ಕೆ ಹಂದಿಮಾಂಸ ಹಾಕುವುದುಂಟು, ಸಸ್ಯಾಹಾರಿಗಳು ಕೇಳಿ ಕುಡಿಯಬೇಕು. ದುಡ್ಡು ಬಿಗಿಯಿದ್ದರೆ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ತೆಗೆದುಕೊಂಡು, ಉಳಿದ ಹಣದಲ್ಲಿ ಒಂದು ದಿನದ ಸಣ್ಣ ದೋಣಿಯ ಸವಾರಿ ಮಾಡುವುದು ಜಾಣತನ. ಆದರೆ ಚಳಿಗೆ ಹೊರಗೆ ನಿಲ್ಲಲಾಗದ ಅಜ್ಜಿಗೆ ಹೊದ್ದುಕೊಂಡು ಕೂತು ನೋಡಲು ಬಾಲ್ಕನಿಯೇ ಬೇಕು, ಅಲ್ಲಿ ಲೆಕ್ಕ ಹಾಕಬಾರದು.

ಚಳಿ ಅಂದರೆ ಎಷ್ಟು? ಬೇಸಿಗೆಯ ಹಗಲು ಹತ್ತರಿಂದ ಹದಿನೈದು ಡಿಗ್ರಿ, ಡಿಸೆಂಬರಿನ ಬೆಳಗಿನಲ್ಲಿ ನಂದಿಬೆಟ್ಟ ಹತ್ತಿದವರಿಗೆ ಪರಿಚಯದ ಚಳಿಯೇ. ಆದರೆ ಹಿಮನದಿಯ ಮೇಲಿಂದ ಬೀಸಿ ಬರುವ ಗಾಳಿ ಮೂಳೆಗೆ ಇಳಿಯುತ್ತದೆ. ಸ್ವೆಟರಿನ ಮೇಲೆ ಗಾಳಿ, ನೀರು ಎರಡನ್ನೂ ತಡೆಯುವ ಕೋಟು, ಮಂಕಿಕ್ಯಾಪು, ಕೈಗವಸು ಸಾಕು. ಮಳೆಯ ಲೆಕ್ಕ ಬೇರೆ. ಹಡಗು ನಿಲ್ಲುವ ಕೆಚಿಕಾನ್ ಪಟ್ಟಣದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ, ಚಿಕ್ಕಬಳ್ಳಾಪುರದ ನಾಲ್ಕೈದು ಪಟ್ಟು. ಕ್ರೂಸ್ ಋತು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ಮೇ ತಿಂಗಳಲ್ಲಿ ಮಳೆ ಕಡಿಮೆ, ಬೆಲೆಯೂ ಕಡಿಮೆ, ಬೆಟ್ಟದ ಮೇಲೆ ಹಿಮ ಇನ್ನೂ ಇರುತ್ತದೆ. ಜೂನ್‌ನಲ್ಲಿ ಜೂನೋದ ಹಗಲು ಹದಿನೆಂಟು ಗಂಟೆ. ಸೆಪ್ಟೆಂಬರಿನಲ್ಲಿ ಮಳೆಯೋ ಮಳೆ. ಆದರೆ ಗ್ಲೇಸಿಯರ್ ಬೇ ಒಳಗಿನ ಜಾನ್ಸ್ ಹಾಪ್ಕಿನ್ಸ್ ಕವಲಿಗೆ ದೊಡ್ಡ ಹಡಗುಗಳನ್ನು ಬಿಡುವುದು ಸೆಪ್ಟೆಂಬರಿನಿಂದ ಮಾತ್ರ, ಅಲ್ಲಿಯವರೆಗೆ ಅದು ಮರಿಹಾಕುವ ಸೀಲ್‌ಗಳಿಗೆ ಮೀಸಲು.

ಅನ್ನ ಸಾರಿನ ವಿಚಾರ. ರಾಗಿಮುದ್ದೆ, ಬಸ್ಸಾರು ಸಿಗುವುದಿಲ್ಲ, ಅನ್ನ ಮತ್ತು ಸಾರಿನಂಥದ್ದು ಸಿಗುತ್ತದೆ. ಬುಕಿಂಗ್ ಮಾಡುವಾಗಲೇ ಸಸ್ಯಾಹಾರಿ ಅಥವಾ ಜೈನ್ ಊಟ ಅಂತ ಬರೆಸಿ, ಹತ್ತಿದ ದಿನವೇ ಊಟದ ಹಾಲಿನ ಮೇಲ್ವಿಚಾರಕರನ್ನು ಕಂಡು ಮಾತಾಡಿದರೆ ದೊಡ್ಡ ಕಂಪನಿಗಳ ಅಡುಗೆಮನೆಗಳು ದಿನಾ ಭಾರತೀಯ ಪಲ್ಯ, ದಾಲ್ ಮಾಡಿಕೊಡುತ್ತವೆ. ಹಡಗಿನ ಕೆಲಸಗಾರರಲ್ಲಿ ಗೋವಾ, ಕೇರಳದವರ ಜೊತೆ ಮಂಗಳೂರು, ಉಡುಪಿ ಕಡೆಯವರೂ ಇರುತ್ತಾರೆ. ಕನ್ನಡದ ಎರಡು ಮಾತು ಆಡಿದರೆ ಮೊಸರನ್ನಕ್ಕೆ ಒಗ್ಗರಣೆ ಬಿದ್ದರೂ ಆಶ್ಚರ್ಯವಿಲ್ಲ. ಮನೆಯಿಂದ ಒಯ್ದ ಕಡಲೆಬೀಜದ ಚಟ್ನಿಪುಡಿಯನ್ನು ಹತ್ತುವಾಗ ತೆಗೆದಿಡಿಸುವ ಸಾಧ್ಯತೆ ಇದೆ. ಅಂಗಡಿಯಲ್ಲಿ ಸೀಲ್ ಮಾಡಿದ ಪ್ಯಾಕೆಟ್ಟಿಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಕಡಲ ಊಟ, ಅಲೆಯ ತೂಗಾಟ ಎರಡೂ ಒಗ್ಗುತ್ತವೋ ಇಲ್ಲವೋ ಅನ್ನುವ ಅನುಮಾನವಿದ್ದರೆ ಮುಂಬೈಯಿಂದ ಹೊರಡುವ ಕಾರ್ಡೀಲಿಯಾ ಹಡಗಿನಲ್ಲಿ ಎರಡು ಮೂರು ರಾತ್ರಿ ಕಳೆದು ನೋಡುವುದು ಅಗ್ಗದ ಪರೀಕ್ಷೆ.

ಕಾಣುವ ಬೆಲೆಗೂ ಕೊಡುವ ಬೆಲೆಗೂ ಅಂತರವಿದೆ. ಜಾಹೀರಾತಿನ ದರ ಒಂದು ಕ್ಯಾಬಿನ್ನಿನಲ್ಲಿ ಇಬ್ಬರಿರುವಾಗ ತಲೆಗೆ ಇಷ್ಟು ಎಂಬ ಲೆಕ್ಕದ್ದು, ಒಬ್ಬರೇ ಹೋದರೆ ಹೆಚ್ಚುಕಡಿಮೆ ಎರಡರಷ್ಟು. ಬಂದರು ಶುಲ್ಕ ಸೇರಬೇಕು. ಸಿಬ್ಬಂದಿಯ ಟಿಪ್ಸ್ ಅಂತ ದಿನಕ್ಕೆ ತಲೆಗೆ 16ರಿಂದ 20 ಡಾಲರ್ ತಾನಾಗಿಯೇ ಬಿಲ್ಲಿಗೆ ಏರುತ್ತದೆ. ವೈಫೈ ಬೇರೆ. ಹೆಲಿಕಾಪ್ಟರಿನಲ್ಲಿ ಮಂಜಿನ ಮೇಲೆ ಇಳಿಸುವ ಸವಾರಿಗೆ ಕೆಲವೊಮ್ಮೆ ಇಡೀ ಒಳ ಕ್ಯಾಬಿನ್ನಿನ ಬೆಲೆ. ಬಿಡಬಾರದ ಖರ್ಚು ಒಂದೇ, ಹಡಗಿನಿಂದ ದಡದ ಆಸ್ಪತ್ರೆಗೆ ಸಾಗಿಸುವ ವೆಚ್ಚವನ್ನೂ ಒಳಗೊಂಡ ವಿಮೆ.

ಇಷ್ಟು ದೊಡ್ಡ ಹಡಗು ಹೊಗೆ ಉಗುಳುತ್ತಾ ಕರಗುವ ಮಂಜು ನೋಡಲು ಹೋಗುವುದು ಸರಿಯೇ ಎಂಬ ಪ್ರಶ್ನೆ ಅಲಾಸ್ಕಾದವರನ್ನೂ ಕಾಡಿದೆ. ದಡದ ವಿದ್ಯುತ್ತನ್ನು ಕ್ರೂಸ್ ಹಡಗಿಗೆ ಕೊಟ್ಟು ಬಂದರಿನಲ್ಲಿ ಎಂಜಿನ್ ಆರಿಸುವ ಏರ್ಪಾಡು ಜಗತ್ತಿನಲ್ಲಿ ಮೊದಲು ಶುರುವಾದದ್ದು ಜೂನೋದಲ್ಲಿ, 2001ರಲ್ಲಿ. ಮೂವತ್ತೆರಡು ಸಾವಿರದಷ್ಟು ಜನರಿರುವ ಆ ಊರು 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಅಂತ ಮಿತಿ ಹಾಕಿದೆ. ಅದೇ ಊರಿನ ಅಂಚಿನಲ್ಲಿ ಮೆಂಡನ್‌ಹಾಲ್ ಹಿಮನದಿ ಇದೆ. 2023, 2024, 2025ರ ಆಗಸ್ಟ್‌ಗಳಲ್ಲಿ ಅದರ ಪಕ್ಕದ ಮಡುವಿನ ನೀರು ಮಂಜಿನ ಕೆಳಗಿಂದ ನುಗ್ಗಿ ಬಂದು ಮನೆಗಳ ಬಾಗಿಲು ತಟ್ಟಿತು.

ಕೆನಡಾ ವೀಸಾ ಸಿಗದೇ ಹೋದವರಿಗೆ, ಏಳು ರಾತ್ರಿ ಹಡಗಿನಲ್ಲಿ ಕೂರಲಾರದವರಿಗೆ ಈ ಮೆಂಡನ್‌ಹಾಲ್ ಒಂದು ದಾರಿ. ಸಿಯಾಟಲ್‌ನಿಂದ ಜೂನೋಗೆ ದೇಶದೊಳಗಿನ ವಿಮಾನ, ಎರಡೂವರೆ ಗಂಟೆ. ಊರಿಂದ ಹಿಮನದಿಯ ವೀಕ್ಷಣಾ ಕೇಂದ್ರಕ್ಕೆ ಬಸ್ಸಿದೆ. ಮರುದಿನ ಎಂಡಿಕಾಟ್ ಆರ್ಮ್‌ಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ದೋಣಿ ಹಿಡಿಯಬಹುದು. ಇನ್ನೊಂದು ದಾರಿ ಆಂಕರೇಜ್‌ನದು: ಕಾರಿನಲ್ಲಿ ವಿಟ್ಟಿಯರಿಗೆ ಹೋದರೆ ಅಲ್ಲಿಂದ ಪ್ರಿನ್ಸ್ ವಿಲಿಯಂ ಸೌಂಡ್‌ನ ಹಿಮನದಿಗಳನ್ನು ಅರ್ಧ ದಿನದಲ್ಲಿ ತೋರಿಸಿ ತರುವ ದೋಣಿಗಳಿವೆ. ವಿಟ್ಟಿಯರಿಗೆ ಇರುವ ರಸ್ತೆ ಒಂದೇ, ಅದು ನಾಲ್ಕು ಕಿಲೋಮೀಟರ್ ಸುರಂಗದ ಮೂಲಕ. ರೈಲಿಗೂ ಕಾರಿಗೂ ಅದೇ ಒಂಟಿ ದಾರಿ, ಒಮ್ಮೆ ಹೋಗುವವರ ಸರದಿ, ಒಮ್ಮೆ ಬರುವವರ ಸರದಿ. ದೋಣಿಯ ಹೊತ್ತಿಗೆ ಮುಂಚಿನ ಸರದಿ ನೋಡಿಕೊಂಡೇ ಆಂಕರೇಜ್ ಬಿಡಬೇಕು. ಒಂದು ಸರದಿ ತಪ್ಪಿದರೆ ದೋಣಿಯೂ ತಪ್ಪುತ್ತದೆ.